ಈಶಾನ್ಯದ ಬಚ್ಚಲ

"ಏ ಭೀಮಿ, ಅಲ್ಲೇ ನಿಂದ್ರು. ಕಣ್ಣ ಎಲ್ಲಿಟ್ಟೀಯೇ ರಂಡಿ? ದೇವರ ಮನಿ ಮುಂದಿಂದ ಮಾಲು ಹೊತಗೊಂಡ ಹೊಂಟೀಯಲ್ಲ."

ನನ್ನ ತಲೆಯ ಮೇಲೆ ಸಿಮೆಂಟು ಉಸುಕು ಕಲಸಿದ ಮಾಲಿನ ಬುಟ್ಟಿ. ಒಂದು ಕಾಲು ಪಡಸಾಲೆಯ ಒಳಗೆ, ಒಂದು ಹೊರಗೆ. ಕೂಗಿದವಳು ಸೌಭಾಗ್ಯಮ್ಮ, ಸಾವುಕಾರ ಭಗವಂತರಾಯರ ಹೆಂಡತಿ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದ್ದರು, ಎಷ್ಟು ಬಡಿದರೂ ಯಾರೂ ತೆಗೆಯಲಿಲ್ಲ, ಕಲಸಿದ ಮಾಲು ಯಾರಿಗಾಗಿಯೂ ಕಾಯುವುದಿಲ್ಲ, ಅದಕ್ಕೇ ಮುಂದಿನಿಂದ ಬಂದೆ ಎಂದು ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ನಾನು ಕಾಲಿಟ್ಟಷ್ಟು ಜಾಗಕ್ಕೆ ಒಂದು ತಂಬಿಗೆ ನೀರು ಸುರಿದಳು. ನೀರು ನನ್ನ ಪಾದಕ್ಕೂ ಸಿಡಿಯಿತು. ಬುಟ್ಟಿ ಹೊತ್ತುಕೊಂಡೇ ಇಡೀ ಮನೆಯನ್ನು ಸುತ್ತು ಹಾಕಿ ಹಿತ್ತಲಿಗೆ ಬಂದೆ. ಅಷ್ಟರಲ್ಲಿ ಅಗಳಿ ತೆಗೆದಿದ್ದರು.

ಕಾಲ ಬದಲಾಗಿದೆ ಎಂದು ನಮ್ಮ ಕಕ್ಕೇರಾದಲ್ಲಿ ಎಲ್ಲರೂ ಹೇಳುತ್ತಾರೆ. ಬದಲಾಗಿಲ್ಲ ಎಂದು ಹೇಳಲು ನನಗೇನು ಹುಚ್ಚೇ? ನನ್ನ ಅತ್ತೆಯ ಕಾಲದಲ್ಲಿ ನಮ್ಮ ಚಹಾಕ್ಕೆಂದು ಹಿತ್ತಲ ಗೋಡೆಯ ಗೂಡಿನಲ್ಲಿ ಬೇರೆ ಕಪ್ಪು ಇಡುತ್ತಿದ್ದರು. ಕುಡಿದ ಮೇಲೆ ನಾವೇ ತೊಳೆದು ಬೋರಲು ಹಾಕಬೇಕಿತ್ತು. ಈಗ ಕಾಗದದ ಕಪ್ಪು ಬಂದಿದೆ. ಒಳಗಿನವರಿಗೆ ಸ್ಟೀಲು, ನಮಗೆ ಕಾಗದ. ಕುಡಿದು ಎಸೆದರಾಯಿತು. ತೊಳೆಯುವ ಕೆಲಸ ತಪ್ಪಿತು ನೋಡಿ, ಅಷ್ಟು ಸುಧಾರಣೆ.

ನನ್ನ ಗಂಡ ಪರಮಣ್ಣ ಗೌಂಡಿ. ನಾನು ಅವನ ಕೈಯಾಳು. ಅವನು ಕರಣಿ ಹಿಡಿಯುತ್ತಾನೆ, ನಾನು ಉಸುಕು ಜರಡಿ ಹಿಡಿದು, ಮಾಲು ಕಲಸಿ, ಹೊತ್ತು ತಂದು ಕೊಡುತ್ತೇನೆ. ಊರಿನ ಅರ್ಧ ಮನೆಗಳ ಗೋಡೆಯಲ್ಲಿ ನಮ್ಮಿಬ್ಬರ ಬೆವರಿದೆ. ಸಾವುಕಾರರದು ಸಿಮೆಂಟು, ಕಬ್ಬಿಣದ ಅಂಗಡಿ. ಮನೆ ಕಟ್ಟುವವರು ಯಾರಾದರೂ ಮೊದಲು ಹೋಗುವುದು ಅವರ ಗಾದಿಯ ಹತ್ತಿರಕ್ಕೇ. ಯಾವ ಗೌಂಡಿ ಒಳ್ಳೆಯವನು ಎಂದು ಅವರೇ ಹೇಳುತ್ತಾರೆ. ಅವರು ಬೇಡ ಎಂದವನಿಗೆ ಊರಿನಲ್ಲಿ ದನದ ಕೊಟ್ಟಿಗೆಯ ಕೆಲಸವೂ ಸಿಗುವುದಿಲ್ಲ.

ಈ ಸಾವುಕಾರರು ಯಾವುದೋ ಮದುವೆಗೆಂದು ಹೈದರಾಬಾದಿಗೆ ಹೋಗಿ ಲಾಡ್ಜಿನಲ್ಲಿ ಇಳಿದಿದ್ದರಂತೆ. ಅಲ್ಲಿನ ಬಚ್ಚಲಿನಲ್ಲಿ ತಲೆಯ ಮೇಲೆ ಊಟದ ತಾಟಿನಷ್ಟಗಲದ ಶವರು, ನಿಂತುಕೊಂಡೇ ಜಳಕ. ಅವರಿಗೆ ಮೊಣಕಾಲು ನೋವು, ಬಚ್ಚಲ ಕಲ್ಲಿನ ಮೇಲೆ ಕೂತರೆ ಏಳಲು ಇಬ್ಬರು ಬೇಕು. ಲಾಡ್ಜಿನಿಂದ ಬಂದವರೇ ಹಳೆಯ ಬಚ್ಚಲದ ಬಂಡೆ ಕೀಳಿಸಿ, ಅದೇ ಥರದ್ದು ನನಗೂ ಬೇಕು, ಒಳಗೆ ಹೋಗುವಾಗ ಕಾಲು ಎತ್ತಬಾರದು, ಹೊರಗಿನ ನೆಲ ಒಳಗಿನ ನೆಲ ಒಂದೇ ಸಮ ಇರಬೇಕು ಎಂದರು.

ಬಚ್ಚಲದ ತಳಕ್ಕೆ ಹಾಕುವ ಮಾಲು ಗೋಡೆಗೆ ಬಳಿಯುವ ಮಾಲಿನಂತಲ್ಲ. ನೀರು ಕಮ್ಮಿ ಇರಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಅದನ್ನು ಹರಡಿ, ಮರದ ಹಲಗೆಯಿಂದ ಬಡಿದು ಬಡಿದು ಕೂರಿಸಬೇಕು. ನಾಲ್ಕೂ ಗೋಡೆಯ ಬುಡದಿಂದ ನೀರು ಹೋಗುವ ಜಾಲಿಯ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಡಬೇಕು. ಜಾಸ್ತಿಯಾದರೆ ಕಾಲು ಜಾರುತ್ತದೆ, ಕಮ್ಮಿಯಾದರೆ ನೀರು ನಿಲ್ಲುತ್ತದೆ. ಕೈಯಿಂದಲೇ ಕಲಸಬೇಕಾದ ಮಾಲು. ಸಿಮೆಂಟು ಬೆರಳ ಸಂದಿಯನ್ನು ತಿನ್ನುತ್ತದೆ. ನನ್ನ ಅಂಗೈಯ ಚರ್ಮ ಎದ್ದು ಕುಸುಬಿ ಎಣ್ಣೆ ಸವರಿದರೂ ಉರಿಯುತ್ತಿತ್ತು. ಊಟದ ಹೊತ್ತಿಗೆ ಕೈ ತೊಳೆಯಲು ಹಿತ್ತಲ ನಳ ಮುಟ್ಟುವಂತಿಲ್ಲ. ಅವರ ಆಳು ಬಂದು ಮೇಲಿಂದ ಸುರಿಯಬೇಕು. ಆಳು ಇಲ್ಲದ ದಿನ ಸೀರೆಯ ಸೆರಗಿಗೆ ಒರೆಸಿಕೊಂಡು ರೊಟ್ಟಿ ತಿಂದಿದ್ದೇನೆ.

ಮೊದಲ ಸಲ ಹಾಕಿದ ತಳ ಚೆನ್ನಾಗಿ ಬಂತು. ಹಳೆಯ ಬಚ್ಚಲದ ನೀರು ಎಂದಿನಿಂದಲೂ ಹಿತ್ತಲ ನಿಂಬೆಗಿಡದ ಬುಡಕ್ಕೆ ಹೋಗುತ್ತಿತ್ತು, ಹೊಸದೂ ಹಾಗೇ ಇರಲಿ ಎಂದು ಸಾವುಕಾರರೇ ನಿಂತು ಕೈ ಮಾಡಿ ತೋರಿಸಿದ್ದರು. ಪರಮಣ್ಣ ಅದೇ ಮೂಲೆಗೆ ಜಾಲಿ ಕೂರಿಸಿ ಇಳಿಜಾರು ಕೊಟ್ಟ. ಇನ್ನೂ ಹಸಿ ಆರುವ ಮೊದಲೇ ಚನ್ನಯ್ಯ ಬಂದ.

ಚನ್ನಯ್ಯ ಅಂದರೆ ಸಾವುಕಾರರ ಮನೆಯ ಅಯ್ಯನೋರು. ಪೂಜೆ, ಮುಹೂರ್ತ, ಮದುವೆ, ಎಲ್ಲ ಅವನದೇ. ಈಗೀಗ ಮನೆಗಳ ವಾಸ್ತುವನ್ನೂ ನೋಡುತ್ತಾನೆ. ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ದಿಕ್ಕು ನೋಡಿದ, ಮೊಬೈಲನ್ನು ಅತ್ತ ಇತ್ತ ತಿರುಗಿಸಿದ, ಆಮೇಲೆ ಹಲ್ಲಿಯಂತೆ ಲೊಚಗುಟ್ಟಿದ. ನೀರು ನೈಋತ್ಯಕ್ಕೆ ಹೋದರೆ ಯಜಮಾನನಿಗೆ ಕಂಟಕವಂತೆ. ಮೊಣಕಾಲು ನೋವಿಗೆ ಕಾರಣವೂ ಅದೇ ಅಂತೆ. ಮನೆಯ ಲಕ್ಷ್ಮಿ ಬಚ್ಚಲ ನೀರಿನ ಜೊತೆ ನಿಂಬೆಗಿಡದ ಬುಡಕ್ಕೆ ಇಳಿದು ಹೋಗುತ್ತಿದ್ದಾಳಂತೆ. ನೀರು ಈಶಾನ್ಯಕ್ಕೆ ಹರಿಯಬೇಕು, ಅದು ಶಿವನ ಮೂಲೆ ಎಂದ.

ಸಾವುಕಾರರು ಚನ್ನಯ್ಯನಿಗೆ ಏನೂ ಅನ್ನಲಿಲ್ಲ. ತಿರುಗಿದ್ದು ನನ್ನ ಗಂಡನ ಕಡೆಗೆ.

"ಲೇ ಪರಮ್ಯಾ, ಸೂಳಿಮಗನ, ತಲಿ ಬೆಳ್ಳಗಾದ್ರೂ ನೀರ ಯಾವ ಕಡಿ ಬಿಡಬೇಕಂತ ತಿಳಿಯಂಗಿಲ್ಲೇನ ನಿನಗ?"

"ನೀವಾ ತೋರ್ಸಿದ್ರಿ ಧಣಿ, ನಿಂಬಿ ಗಿಡದ ಕಡಿ."

"ಎದುರ ಮಾತಾಡ್ತೀಯೇನ ಭಾಡ್ಯಾ? ಒಡಿ ಅದನ್ನ. ಈಗ ಒಡಿ, ನನ್ನ ಕಣ್ಣ ಮುಂದ."

ಪರಮಣ್ಣ ಒಡೆದ. ಹಸಿ ಮಾಲು ಒಡೆಯಲು ಸುತ್ತಿಗೆಯೂ ಬೇಕಾಗಿರಲಿಲ್ಲ, ಕರಣಿಯಲ್ಲೇ ಕೆರೆದ. ಬೆಳಗಿನಿಂದ ಬಡಿದು ಕೂರಿಸಿದ್ದನ್ನು ಕೆರೆದು ನನ್ನ ಬುಟ್ಟಿಗೆ ತುಂಬಿದ, ನಾನು ಹಿತ್ತಲಿಗೆ ಒಯ್ದು ಸುರುವಿದೆ. ಸಾವುಕಾರರು ಕುರ್ಚಿ ಹಾಕಿಸಿಕೊಂಡು ಪೂರಾ ಮುಗಿಯುವ ತನಕ ನೋಡುತ್ತ ಕೂತರು. ಚನ್ನಯ್ಯ ಸ್ಟೀಲಿನ ಲೋಟದಲ್ಲಿ ಚಹಾ ಕುಡಿಯುತ್ತಿದ್ದ.

ಆಗಲೇ ನನಗೆ ಹೊಳೆದದ್ದು. ಈಶಾನ್ಯದ ಮೂಲೆಯ ಗೋಡೆಯ ಆಚೆಗೆ ಏನಿದೆ? ನಮ್ಮ ಓಣಿ. ಊರಿಗೆಲ್ಲ ಕೆಳಗಿನವರು ನಾವು, ಸಾವುಕಾರರ ಮನೆಗೆ ಮಾತ್ರ ಶಿವನ ಮೂಲೆಯಲ್ಲಿ ಬಿದ್ದಿದ್ದೇವೆ. ನಗಬೇಕೋ ಅಳಬೇಕೋ ನೀವೇ ಹೇಳಿ. ಅಷ್ಟೇ ಆಗಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಆ ಮೂಲೆಯ ಗೋಡೆಗೆ ಹತ್ತಿಕೊಂಡೇ ನಮ್ಮ ಓಣಿಯ ನಳದ ಕುಣಿ ಇದೆ.

ನಳದ ಕುಣಿ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೇಲಿನ ಓಣಿಯವರು ಮೋಟಾರು ಹಚ್ಚಿ ನೀರು ಎಳೆಯುತ್ತಾರೆ. ನಮ್ಮ ನಳದವರೆಗೆ ಬರುವಷ್ಟರಲ್ಲಿ ನೀರಿಗೆ ಮೇಲೆ ಏರುವ ಶಕ್ತಿಯೇ ಇರುವುದಿಲ್ಲ. ಅದಕ್ಕೇ ನೆಲವನ್ನು ಸೊಂಟದಷ್ಟು ತೋಡಿ, ಪೈಪನ್ನು ತಗ್ಗಿನಲ್ಲೇ ಕತ್ತರಿಸಿ, ಒಳಗೆ ಇಳಿದು ಕೂತು ಕೊಡ ತುಂಬಿಕೊಳ್ಳುತ್ತೇವೆ. ನೀರು ನಿಂತ ಕೂಡಲೇ ಆ ಪೈಪು ಕುಣಿಯಲ್ಲಿ ಇದ್ದದ್ದನ್ನೆಲ್ಲ ವಾಪಸು ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಂದಾಗ ಅದನ್ನೇ ಮೊದಲು ಕೊಡುತ್ತದೆ. ಹೋದ ಮಳೆಗಾಲದಲ್ಲಿ ಓಣಿಯ ರಾಡಿ ಕುಣಿಗೆ ಇಳಿದು ಮನೆ ಮನೆಗೂ ವಾಂತಿಭೇದಿ ಹತ್ತಿತು. ನನ್ನ ಮಗಳು ದೇವಿಕಾ ಸುರಪುರದ ದವಾಖಾನೆಯಲ್ಲಿ ಸಲೈನ್ ಬಾಟಲಿ ಏರಿಸಿಕೊಂಡು ಮಲಗಿದ್ದಳು. ತುಟಿ ಒಣಗಿ ಕಪ್ಪಾಗಿತ್ತು, ಕಣ್ಣು ಒಳಗೆ ಹೋಗಿತ್ತು, ಅವ್ವಾ ಎಂದು ಕರೆಯಲೂ ಆಗುತ್ತಿರಲಿಲ್ಲ. ಅದು ಮಳೆಯ ನೀರು, ವರ್ಷಕ್ಕೊಮ್ಮೆ. ಇದು ದಿನಾ ಬರುವ ನೀರು. ಬಚ್ಚಲಕ್ಕೆ ಹೋದವರು ಬರೀ ಮೈ ತೊಳೆದು ಬರುತ್ತಾರೆಯೇ?

ಬುಟ್ಟಿ ಕೆಳಗಿಟ್ಟು ಹೇಳಿಯೇಬಿಟ್ಟೆ.

"ಧಣಿ, ಆ ಗ್ವಾಡಿ ಆಚಿ ನಮ್ಮ ನಳದ ಕುಣಿ ಐತ್ರಿ. ಬಚ್ಚಲ ನೀರ ಸೀದಾ ಅದರಾಗ ಬೀಳತಾವ್ರಿ. ಕುಡಿಯೂ ನೀರ್ರಿ ಅವು."

ಸಾವುಕಾರರು ನನ್ನ ಮುಖ ನೋಡಲಿಲ್ಲ. ಚನ್ನಯ್ಯನ ಮುಖ ನೋಡಿ ನಕ್ಕರು.

"ನಾ ಏನ ಹಂದಿ ಏನಲೇ? ನನ್ನ ಮೈ ತೊಳದ ನೀರ ತೀರ್ಥ ಅಂತ ತಿಳಕೋರಿ. ನಿಮ್ಮ ಓಣಿ ಪಾವನ ಆಗತೈತಿ."

ಚನ್ನಯ್ಯನೂ ನಕ್ಕ. ಪರಮಣ್ಣ ನನ್ನ ಕಾಲು ತುಳಿದ, ಸುಮ್ಮನಿರು ಎಂದು. ನಾನು ಮತ್ತೆ ಬುಟ್ಟಿ ಎತ್ತಿಕೊಂಡೆ. ಮೈಯೆಲ್ಲ ಉರಿಯುತ್ತಿತ್ತು.

ಮಾರನೆಯ ದಿನ ನಳ, ಪೈಪಿನ ಕೆಲಸದ ಫಕೀರಸಾಬ ಬಂದ. ಅವನ ಮನೆ ನಮ್ಮ ಓಣಿಯ ತುದಿಗೇ, ಅದೇ ಕುಣಿಯ ನೀರನ್ನೇ ಅವನ ಮಕ್ಕಳೂ ಕುಡಿಯುತ್ತವೆ. ಅವನು ಪೈಪು ಅಳೆಯುವ ನೆವದಲ್ಲಿ ಸಾವುಕಾರರ ಹತ್ತಿರ ಮೆತ್ತಗೆ ಒಂದು ದಾರಿ ಇಟ್ಟ.

"ಧಣಿ, ಒಳಗ ನೀರ ಈಶಾನ್ಯಕ್ಕಾ ಇಳೀಲಿ. ಜಾಲಿ ತೆಳಗ ಒಂದ ಎಲ್ಬೋ ಹಾಕಿ ಪೈಪ ಹಿಂದಕ್ಕ ತಿರಿವಿ ನಿಂಬಿ ಗಿಡಕ್ಕ ಬಿಡತೀನಿ. ಶಾಸ್ತ್ರನೂ ಉಳೀತು, ಗರೀಬರ ಕುಣಿನೂ ಉಳೀತು."

ಸಾವುಕಾರರು ಗಲ್ಲ ಕೆರೆದುಕೊಂಡರು. ಹೂಂ ಅನ್ನುವವರೇ ಇದ್ದರು, ನಾನು ಕಣ್ಣಾರೆ ಕಂಡೆ. ಆದರೆ ಚನ್ನಯ್ಯ ಅಲ್ಲೇ ಇದ್ದ. ಮೇಲೆ ಒಂದು ಕೆಳಗೆ ಒಂದು ಮಾಡಿ ದೇವರಿಗೇ ಟೋಪಿ ಹಾಕುತ್ತೀಯಾ ಎಂದು ಫಕೀರಸಾಬನಿಗೆ ದಬಾಯಿಸಿದ. ಈಶಾನ್ಯಕ್ಕೆ ಕೊಟ್ಟ ನೀರನ್ನು ಮತ್ತೆ ನೈಋತ್ಯಕ್ಕೆ ಎಳೆದುಕೊಂಡರೆ ಕೊಟ್ಟು ಕಸಿದುಕೊಂಡ ದೋಷ, ಮೊದಲಿನದ್ದಕ್ಕಿಂತ ಕೆಟ್ಟದ್ದು ಎಂದ. ಸಾವುಕಾರರ ಗಲ್ಲದ ಮೇಲಿನ ಕೈ ಕೆಳಗೆ ಇಳಿಯಿತು. ಗೋಡೆ ಕೊರೆದು ಸೀದಾ ಹೊರಗೆ ಬಿಡು ಎಂದರು.

ಅವತ್ತು ಸಂಜೆ ನಾನು ಒಲೆ ಹಚ್ಚಲಿಲ್ಲ. ಈ ತಳ ನಾವು ಹಾಕುವುದು ಬೇಡ ಎಂದೆ. ನಾವು ಬಿಟ್ಟರೆ ಹುಣಸಗಿಯಿಂದ ಬೇರೆ ಗೌಂಡಿ ಬರುತ್ತಾನೆ, ನೀರು ಹೇಗೂ ಬರುತ್ತದೆ, ನಮ್ಮ ಒಲೆ ಮಾತ್ರ ಆರುತ್ತದೆ ಎಂದ ಪರಮಣ್ಣ. ಅವನ ಮಾತು ಸುಳ್ಳಲ್ಲ. ಸುಳ್ಳಲ್ಲ ಎಂದೇ ನನಗೆ ಸಿಟ್ಟು ಹೆಚ್ಚಾಯಿತು. ನಿನಗೆ ಮಗಳ ಮುಖ ನೆನಪಿಲ್ಲವೇನು ಎಂದು ಕೇಳಿದೆ. ಅವನು ಹಚ್ಚದ ಒಲೆಯ ಮುಂದಿನಿಂದ ಎದ್ದು ಹೋದ. ನೆನಪಿತ್ತು, ಅದಕ್ಕೇ ಎದ್ದು ಹೋದ. ಅಷ್ಟು ನನಗೂ ಗೊತ್ತಾಗುತ್ತದೆ.

ಬೆಳಗ್ಗೆ ನಾನು, ನೆರೆಮನೆಯ ಸೂಗಮ್ಮ ಇಬ್ಬರೂ ಊರಿನ ನೀರು ನೋಡಿಕೊಳ್ಳುವ ಸಾಹೇಬನ ಹತ್ತಿರ ಹೋದೆವು. ಚಪ್ಪಲಿ ಹೊರಗೆ ಬಿಟ್ಟು ಬಿಸಿಲಲ್ಲಿ ಕೂತೆವು. ಮಧ್ಯಾಹ್ನ ಊಟ ಮುಗಿಸಿ ಬಂದ ಮೇಲೆ ಕರೆದ. ನಾವು ಹೇಳಿದ್ದನ್ನು ಹಲ್ಲು ಕಡ್ಡಿಯಲ್ಲಿ ಕೆದಕಿಕೊಳ್ಳುತ್ತ ಕೇಳಿದ. ಕೇಳಿ ಮುಗಿಸಿ ಒಂದೇ ಮಾತು ಕೇಳಿದ.

"ನಳದ ಸುತ್ತ ಕುಣಿ ತೋಡಾಕ, ಪೈಪ ಕೊಯ್ಯಾಕ ಯಾರ ಪರ್ಮಿಷನ್ ಕೊಟ್ಟಾರ ನಿಮಗ?"

ಮೋಟಾರಿನ ಮಾತು ತೆಗೆದೆವು. ಅದು ಬೇರೆ ವಿಷಯ ಎಂದ. ಕುಣಿ ತೋಡಿದ್ದು ಅಪರಾಧ, ಕಂಪ್ಲೇಂಟು ಕೊಡುವವರಿದ್ದರೆ ಕೊಡಿ, ನಾಳೆಯೇ ಆಳು ಕಳಿಸಿ ಮೊದಲು ನಿಮ್ಮ ಕುಣಿಯನ್ನು ಮುಚ್ಚಿಸುತ್ತೇನೆ ಎಂದ. ಸೂಗಮ್ಮ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ ಅವನ ವಂಶವನ್ನೆಲ್ಲ ಬೈದಳು. ನನಗೆ ಬೈಯುವ ಉಮೇದೂ ಇರಲಿಲ್ಲ.

ಹಾಗೆ ಎರಡನೆಯ ಸಲ ತಳ ಹಾಕಿದೆವು. ನಾನೇ ಮಾಲು ಕಲಸಿದೆ, ನಾನೇ ಮುಷ್ಟಿ ಹಿಡಿದು ನೋಡಿದೆ. ಪರಮಣ್ಣ ದಾರ ಕಟ್ಟಿ, ಲೆವೆಲ್ ಇಟ್ಟು, ಮೊಣಕಾಲೂರಿ ಹಿಂದೆ ಹಿಂದೆ ಸರಿಯುತ್ತ ಬಡಿದ. ಕೆಲಸವನ್ನು ಕೆಡಿಸಬಹುದಿತ್ತು ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತು. ಉಸುಕು ಜಾಸ್ತಿ ಹಾಕಿದ್ದರೆ ಬೇಸಿಗೆಯಷ್ಟರಲ್ಲಿ ಬಿರಿಯುತ್ತಿತ್ತು. ಕೆಟ್ಟ ಕೆಲಸ ಮಾಡಲು ನನ್ನ ಗಂಡನ ಕೈ ಬರುವುದಿಲ್ಲ. ಅದೊಂದು ರೋಗ ಅವನಿಗೆ.

ಫಕೀರಸಾಬ ಗೋಡೆ ಕೊರೆದ ದಿನ ಓಣಿಯ ಹೆಂಗಸರೆಲ್ಲ ಕುಣಿಯ ಸುತ್ತ ನಿಂತಿದ್ದರು. ಇಟ್ಟಿಗೆಯ ಚೂರು, ಆಮೇಲೆ ಪೈಪಿನ ಬಾಯಿ ಹೊರಗೆ ಬಂತು. ಪರಮಣ್ಣ ಓಣಿಯ ಕಡೆಯಿಂದ ಅದರ ಸುತ್ತ ಮಾಲು ಮೆತ್ತಬೇಕಿತ್ತು. ಕರಣಿ ಹಿಡಿದು ಅವನು ಬಗ್ಗಿದ ಕೂಡಲೇ ಸೂಗಮ್ಮ ಮಣ್ಣು ತೂರಿದಳು.

"ನಿನ ಕೈಗಿ ಹುಳ ಬೀಳ್ಲಿ ಪರಮ್ಯಾ. ಅವನಂದ್ರ ಸಾವ್ಕಾರ, ನೀ ಯಾರಲೇ? ನಮ್ಮ ಮಕ್ಕಳ ಬಾಯಾಗ ಬಿಡಾಕತ್ತೀಯಲ್ಲೋ ಅವನ ಉಚ್ಚಿ."

ಪರಮಣ್ಣ ಕಣ್ಣಿಗೆ ಬಿದ್ದ ಮಣ್ಣನ್ನು ಒರೆಸಿಕೊಳ್ಳದೆ ಮಾಲು ಮೆತ್ತಿದ. ಸಾವುಕಾರರು ಸೂಳೆಮಗನೆ ಎಂದಾಗ ಕುಗ್ಗದ ಅವನ ಬೆನ್ನು ಆಗ ಕುಗ್ಗಿತು. ನಮ್ಮವರ ಬೈಗುಳ ನಮಗೆ ತಾಕಿದಷ್ಟು ಬೇರೆಯವರದು ತಾಕುವುದಿಲ್ಲ. ನಾನು ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಸೂಗಮ್ಮ ನನ್ನ ಕಡೆಯಿಂದ ಮುಖ ತಿರುಗಿಸಿಕೊಂಡಳು, ಅಷ್ಟೇ.

ಮೇಲೆ ಹಾಸುಗಲ್ಲು ಕೂರಿಸಿ, ಸಂದಿಗೆಲ್ಲ ಸಿಮೆಂಟು ಹಾಕಿದ ಮೇಲೆ ಸೋರುತ್ತದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಬೇಕು. ಜಾಲಿಯ ಬಾಯಿಗೆ ಅರಿವೆ ತುರುಕಿ ನೀರು ನಿಲ್ಲಿಸಿದೆವು. ಒಂದು ದಿನ ಪೂರಾ ನೀರು ನಿಂತಿತ್ತು, ಎಲ್ಲೂ ಇಂಗಲಿಲ್ಲ. ಪಕ್ಕದಲ್ಲಿ ಒಂದು ಕೊಡ ಇಟ್ಟುಕೊಂಡು ಆ ನೀರನ್ನೆಲ್ಲ ನಾನೇ ಬೇರೆ ಅರಿವೆಯಲ್ಲಿ ಹಿಂಡಿ ಹಿಂಡಿ ನಿಂಬೆಗಿಡಕ್ಕೆ ಸುರಿದೆ. ಸೌಭಾಗ್ಯಮ್ಮ ಕಿಟಕಿಯಿಂದ ನೋಡಿ, ಜಾಲಿ ಬಿಚ್ಚಿದ್ದರೆ ತಾನೇ ಹೋಗುತ್ತಿತ್ತಲ್ಲ, ಇವಳಿಗೆ ಬುದ್ಧಿಯೇ ಇಲ್ಲ ಎಂದು ಅಡುಗೆಯವಳಿಗೆ ಹೇಳಿದಳು.

ಸೋಮವಾರ ಪೂಜೆ. ಹೊಸ ಬಚ್ಚಲದಲ್ಲಿ ಮೊದಲ ಜಳಕ ಯಜಮಾನರದು, ಅದಕ್ಕೂ ಚನ್ನಯ್ಯ ಮುಹೂರ್ತ ತೆಗೆದಿದ್ದ. ನಮ್ಮನ್ನು ಹಿತ್ತಲಲ್ಲಿ ನಿಲ್ಲಿಸಿದ್ದರು, ಕೆಲಸ ಮುಗಿದ ಮೇಲೆ ಗೌಂಡಿಗೆ ಕಾಯಿ, ಟವೆಲು ಕೊಡುವ ಪದ್ಧತಿ ಇದೆ. ಪರಮಣ್ಣ ಎರಡೂ ಕೈ ಒಡ್ಡಿದ. ಸೌಭಾಗ್ಯಮ್ಮ ಮೆಟ್ಟಿಲ ಮೇಲೆ ನಿಂತು ಎತ್ತರದಿಂದ ಬಿಟ್ಟಳು. ಟವೆಲು ಕೈಗೆ ಬಿತ್ತು, ಕಾಯಿ ಬೆರಳಿಗೆ ಬಡಿದು ಕೆಳಗೆ ಉರುಳಿತು. ಅವನು ಬಗ್ಗಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡ.

ಒಳಗೆ ಚನ್ನಯ್ಯ ಮಂತ್ರ ಹೇಳಿ, ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಈಶಾನ್ಯದ ಮೂಲೆಗೆ ಕರ್ಪೂರ ಬೆಳಗಿದ. ಹೊರಗೆ ಬಂದು ನಮಗೆ ಕೇಳುವಂತೆಯೇ ಹೇಳಿದ.

"ಕಟ್ಟೂ ಮಟ ನಿಮ್ಮ ಕೈ. ಪೂಜಿ ಆಗೈತಿ, ಇನ್ನ ಬಾಗಲಾ ಸೈತ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಮತ್ತ ತಳದಿಂದ ತೆಗಸಬೇಕಾಗತೈತಿ."

ನಾನು ಆ ಮಾತನ್ನು ಎರಡೆರಡು ಸಲ ಮನಸ್ಸಿನಲ್ಲಿ ಹೇಳಿಕೊಂಡೆ. ತಳದಿಂದ ತೆಗೆಸಬೇಕಾಗುತ್ತದೆ. ಅವನು ಹೆದರಿಸಲು ಹೇಳಿದ್ದ. ನನ್ನ ಕಿವಿಗೆ ಮಾತ್ರ ಯಾರೋ ದಾರಿ ಹೇಳಿಕೊಟ್ಟ ಹಾಗೆ ಕೇಳಿಸಿತು.

ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಸಾವುಕಾರರು ಪಡಸಾಲೆಯಲ್ಲಿ ಮಣೆಯ ಮೇಲೆ ಪಂಚೆ ಉಟ್ಟು ಕೂತಿದ್ದರು, ಆಳು ಅವರ ಮೈಗೆ ಎಣ್ಣೆ ತಿಕ್ಕುತ್ತಿದ್ದ. ಚನ್ನಯ್ಯ ಅವರ ಮುಂದೆ ಗಡಿಯಾರ ನೋಡುತ್ತ ಕೂತಿದ್ದ. ಸೌಭಾಗ್ಯಮ್ಮ ಹೋಳಿಗೆಯ ಕಡೆಗೆ ಹೋದಳು. ಪರಮಣ್ಣ ಕರಣಿ, ಹಲಗೆಗಳನ್ನು ಚೀಲಕ್ಕೆ ಹಾಕುತ್ತಿದ್ದ. ನೀರು ನಿಲ್ಲಿಸಲು ತುರುಕಿದ್ದ ಅರಿವೆ ಹಿತ್ತಲ ಕಟ್ಟೆಯ ಮೇಲೆ ಒಣಗಿತ್ತು. ಅದನ್ನು ಕೈಯಲ್ಲಿ ಹಿಡಿದೆ. ಪರಮಣ್ಣ ತಲೆ ಎತ್ತಿ ನನ್ನನ್ನು ನೋಡಿದ. ಅವನಿಗೆ ಏನು ತಿಳಿಯಿತೋ ಏನೋ, ನನ್ನನ್ನು ಕರೆಯಲೂ ಇಲ್ಲ, ತಡೆಯಲೂ ಇಲ್ಲ.

ಹಿತ್ತಲ ಬಾಗಿಲು ದಾಟಿದೆ, ಬಚ್ಚಲದ ಬಾಗಿಲು ದಾಟಿದೆ, ಒಳಗಿನಿಂದ ಚಿಲಕ ಹಾಕಿಕೊಂಡೆ.

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಮೊದಲು ಅರಿವೆಯನ್ನು ಉಂಡೆ ಮಾಡಿ ಜಾಲಿಯ ಬಾಯಿಗೆ ಗಟ್ಟಿಯಾಗಿ ತುರುಕಿದೆ. ನಮ್ಮ ಕುಣಿಗೆ ನನ್ನ ಮೈ ತೊಳೆದ ನೀರೂ ಬೇಡ. ಆಮೇಲೆ ಸೀರೆ ಬಿಚ್ಚಿ ಅವರ ಹೊಸ ಟವೆಲಿನ ಪಕ್ಕದ ಗೂಟಕ್ಕೆ ಹಾಕಿದೆ. ಫಕೀರಸಾಬ ತಿರುಗಿಸಿ ತೋರಿಸಿದ್ದು ನೆನಪಿತ್ತು. ತಿರುಗಿಸಿದೆ.

ಬಿಸಿನೀರು ತಲೆಯ ಮೇಲೆ ಬಿತ್ತು. ಹೆಗಲಿನ ಮೇಲೆ, ಬೆನ್ನಿನ ಮೇಲೆ, ಎಲ್ಲ ಕಡೆಗೂ ಒಂದೇ ಸಮ ಬಿತ್ತು. ನಾನು ಮದುವೆಯಾಗಿ ಬಂದಾಗಿನಿಂದ ಎರಡು ಗೂಟಕ್ಕೆ ಹಳೆಯ ಸೀರೆ ಕಟ್ಟಿ ಅದರ ಹಿಂದೆ ಕೂತು ಮೈ ತೊಳೆದವಳು. ಗಾಳಿ ಬಂದರೆ ಒಂದು ಕೈಯಲ್ಲಿ ಸೀರೆ ಹಿಡಿಯಬೇಕು, ಒಂದು ಕೈಯಲ್ಲಿ ತಂಬಿಗೆ, ಕಣ್ಣು ದಾರಿಯ ಮೇಲೆ. ಹೆಂಗಸಾಗಿ ಇಷ್ಟು ವರ್ಷವಾದರೂ ಎರಡೂ ಕೈಯಿಂದ ತಲೆ ತಿಕ್ಕಿಕೊಂಡು ಕಣ್ಣು ಮುಚ್ಚಿ ನಿಂತದ್ದು ಅದೇ ಮೊದಲು. ಸಿಟ್ಟಿನಿಂದ ಒಳಗೆ ಬಂದಿದ್ದೆ. ನೀರು ಬೀಳುತ್ತಿದ್ದಂತೆ ಅಳು ಬಂತು, ಅಳುವಿನ ಹಿಂದೆಯೇ ಖುಷಿಯೂ ಆಯಿತು. ಕೂದಲಿನಿಂದ ಸಿಮೆಂಟಿನ ಬೂದು ನೀರು ಇಳಿದು ಕಾಲಬುಡದಲ್ಲಿ ನಿಂತಿತು. ಬೆರಳ ಸಂದಿಯ ಹುಣ್ಣು ಉರಿಯಿತು, ಉರಿಯಲಿ ಎಂದು ಬಿಟ್ಟೆ. ಪರಮಣ್ಣ ಕೊಟ್ಟ ಇಳಿಜಾರಿನ ಮೇಲೆ ನೀರು ಹೇಳಿದ ಮಾತು ಕೇಳುವವರಂತೆ ಈಶಾನ್ಯಕ್ಕೆ ಹೋಯಿತು, ಅಲ್ಲಿ ದಾರಿ ಸಿಗದೆ ನಿಂತಿತು, ಮೆಲ್ಲಗೆ ಹಿಂದಕ್ಕೆ ಏರತೊಡಗಿತು.

ಮೊದಲು ಕೂಗಿದ್ದು ಸೌಭಾಗ್ಯಮ್ಮ. ನೀರಿನ ಸದ್ದು ಕೇಳಿ ಗಂಡ ಒಳಗೆ ಹೋಗಿದ್ದಾರೆ ಎಂದುಕೊಂಡಿದ್ದಳಂತೆ, ಪಡಸಾಲೆಯಲ್ಲಿ ಗಂಡ ಮಣೆಯ ಮೇಲೆ ಕೂತಿದ್ದನ್ನು ಕಂಡು ಚೀರಿ ಓಡಿ ಬಂದಳು. ಬಾಗಿಲು ಬಡಿದಳು. ಯಾರದು ಎಂದಳು. ಭೀಮವ್ವ ಎಂದೆ. ಆಮೇಲೆ ಇಡೀ ಮನೆ ಬಾಗಿಲ ಮುಂದೆ ಸೇರಿತು. ಸಾವುಕಾರರು ಬೈದ ಬೈಗುಳದಲ್ಲಿ ನನ್ನ ಅವ್ವ, ನನ್ನ ಅಜ್ಜಿ, ನನ್ನ ಮಗಳು, ಯಾರೂ ಉಳಿಯಲಿಲ್ಲ. ನಾನು ಅವರ ಚಂದನದ ಸಾಬೂನಿನ ಕಾಗದ ಬಿಚ್ಚಿದೆ.

"ಇನ್ನ ಇದರಾಗ ನೀವ ಕಾಲಿಡಂಗಿಲ್ಲ ಧಣಿ," ಎಂದು ಚನ್ನಯ್ಯ ಹೇಳಿದ್ದು ಚೆನ್ನಾಗಿ ಕೇಳಿಸಿತು. "ತಳಾ, ಜಾಲಿ, ಪೈಪ, ಪೂರಾ ಕಿತ್ತಿಸಬೇಕು."

ನಾನು ಕಾಯುತ್ತಿದ್ದದ್ದು ಆ ಮಾತಿಗೇ. ಇನ್ನು ಮೂರನೆಯ ತಳ ಯಾರು ಹಾಕುತ್ತಾರೋ, ನೀರು ಯಾವ ಕಡೆಗೆ ಹೋಗುತ್ತದೋ, ನಾಳೆ ನಮ್ಮ ಗತಿ ಏನೋ, ಪೊಲೀಸರು ಬರುತ್ತಾರೋ, ಓಣಿಗೆ ಆಳುಗಳು ಬಡಿಗೆ ಹಿಡಿದು ಬರುತ್ತಾರೋ, ನನಗೇನೂ ಗೊತ್ತಿರಲಿಲ್ಲ. ಇವತ್ತು ಆ ಪೈಪಿನಿಂದ ಹನಿ ನೀರೂ ಹೊರಗೆ ಹೋಗಿಲ್ಲ, ಅಷ್ಟು ಗೊತ್ತಿತ್ತು.

"ಪರಮ್ಯಾ, ಎಲ್ಲಿ ಸತ್ತಿ? ಸುತಗಿ ತಗೋ. ಬಾಗಲಾ ಒಡಿ," ಎಂದು ಸಾವುಕಾರರು ಕೂಗಿದರು.

ನನ್ನ ಗಂಡ ಸಾವುಕಾರರು ಹೇಳಿದ್ದನ್ನೆಲ್ಲ ಒಡೆದವನು, ಹೇಳಿದ್ದನ್ನೆಲ್ಲ ಕಟ್ಟಿದವನು. ಹಿತ್ತಲಿನಿಂದ ಅವನು ಬಂದ ಸಪ್ಪಳ ಕೇಳಿಸಿತು. ಬಾಗಿಲ ಮುಂದೆ ನಿಂತ.

"ನನ್ನ ಹೇಣ್ತಿ ಜಳಕಾ ಮಾಡಾಕತ್ತಾಳ್ರಿ ಧಣಿ. ಬಾಗಲಾ ಹೆಂಗ ಒಡೀಲಿ?"

ಅವನಿಗೆ ಹೊಡೆದ ಸದ್ದು ಕೇಳಿಸಿತು. ಚೀಲ ಬಿದ್ದು ಕರಣಿ, ಲೆವೆಲ್ ನೆಲಕ್ಕೆ ಬಡಿದವು. ಅವನು ಬಾಗಿಲು ಬಿಟ್ಟು ಕದಲಲಿಲ್ಲ, ಅವನ ಬೆನ್ನು ಮರಕ್ಕೆ ಒರಗಿದ್ದು ಒಳಗಿದ್ದ ನನಗೆ ತಿಳಿಯುತ್ತಿತ್ತು. ಅಷ್ಟರಲ್ಲಿ ನೀರು ಬಾಗಿಲವರೆಗೆ ಬಂತು. ಒಳಗಿನ ನೆಲ ಹೊರಗಿನ ನೆಲ ಒಂದೇ ಸಮ ಮಾಡಿಸಿಕೊಂಡಿದ್ದರಲ್ಲ, ತಡೆಯಲು ಏನೂ ಇರಲಿಲ್ಲ. ಸಾಬೂನಿನ ನೊರೆ, ಸಿಮೆಂಟಿನ ಬೂದು, ನನ್ನ ಮೈಯ ಕೊಳೆ ಎಲ್ಲ ಸೇರಿ ಬಾಗಿಲ ಕೆಳಗಿನಿಂದ ಹೊರಗೆ ಹೋದವು. ಹೊರಗೆ ಕಾಲುಗಳು ದಡಬಡ ಹಿಂದೆ ಸರಿದವು. ಯಾರೋ ಎಣ್ಣೆ ಕಾಲಿನಲ್ಲಿ ಜಾರಿ ಗೋಡೆ ಹಿಡಿದುಕೊಂಡರು.

"ಭೀಮಿ," ಎಂದರು ಸಾವುಕಾರರು. ಈಗ ಅವರ ದನಿ ದೂರದಿಂದ ಬಂತು. "ಹೊರಗ ಬಾ."

"ಮೈಗಿ ಸಾಬೂನ ಹಚ್ಚೇನ್ರಿ ಧಣಿ," ಎಂದೆ. "ಜರಾ ತಡೀರಿ."